ಶಹಾಪುರದ ಹುಡುಗಿ ಎಂಎಂಎ ಫೈಟರ್ ಆಗ್ತೀನಿ ಅಂದರೆ ಮನೆಯವರು ಬಿಡಬೇಕಾ?

ಅಣ್ಣಾ, ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದೆ ನಡೆದ ಜಗಳ ನೆನಪಾಯಿತು. ನಿಮ್ಮ ತಂಗಿಗೆ 17 ವರ್ಷ, ಶಹಾಪುರ ಹತ್ತಿರದ ಊರು, ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್. ಈಗ ಎಂಎಂಎ (ಗುದ್ದು, ಒದೆ, ಕುಸ್ತಿ ಪಟ್ಟು ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಿಯಲ್ ಆರ್ಟ್ಸ್) ಫೈಟರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಇದರಲ್ಲಿ ಬದುಕು ಇದೆಯಾ, ಕಳಿಸಬೇಕಾ ಬೇಡವಾ ಅಂತ ಕೇಳಿದ್ದೀರಿ.

ನಾನು ಕಲಬುರಗಿಯವಳು. ಶಾಲೆಯಲ್ಲಿ ಜೂಡೋ ಆಡುತ್ತಿದ್ದೆ. ಆಮೇಲೆ ಹೈದರಾಬಾದಿನಲ್ಲಿ ಮೂರು ವರ್ಷ ಇದ್ದು ಎಂಎಂಎ ಕಲಿತೆ. ನಾಲ್ಕು ಅಮೆಚೂರ್ (ಹವ್ಯಾಸಿ) ಫೈಟ್ ಆಡಿದ್ದೇನೆ. ಎರಡು ಗೆದ್ದೆ, ಎರಡು ಸೋತೆ. ಭುಜಕ್ಕೆ ಪೆಟ್ಟಾದ ಮೇಲೆ ಊರಿಗೆ ಬಂದು, ಈಗ ಸಂಜೆ ಹೊತ್ತು ಹುಡುಗಿಯರಿಗೆ ಕಲಿಸುತ್ತೇನೆ.

ನನ್ನ ಉತ್ತರ: ಬಿಡಿ, ಕಲಿಯಲಿ. ಆದರೆ ಈಗಲೇ ಎಂಎಂಎ ಬೇಡ. ಮೊದಲು ಎರಡು ವರ್ಷ ಜೂಡೋ ಇಲ್ಲವೇ ಕುಸ್ತಿ.

ಕರಾಟೆ ಕಲಿತವರ ಕಾಲು ಚುರುಕಾಗಿರುತ್ತದೆ. ದೂರದಿಂದ ಒದ್ದು ಹಿಂದೆ ಸರಿಯುವುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಎಂಎಂಎಯಲ್ಲಿ ಎದುರಾಳಿ ಓಡಿ ಬಂದು ಸೊಂಟ ಹಿಡಿದು ಕೆಡವುತ್ತಾಳೆ. ಸಾಮಾನ್ಯವಾಗಿ ಐದು ನಿಮಿಷದ ಮೂರು ಸುತ್ತು ಇರುತ್ತವೆ. ಒಂದು ಸಲ ಕೆಳಗೆ ಬಿದ್ದು ಮೇಲೆ ಏಳುವುದು ಗೊತ್ತಿಲ್ಲದಿದ್ದರೆ ಆ ಸುತ್ತು ಪೂರ್ತಿ ನೆಲದ ಮೇಲೇ ಮುಗಿಯುತ್ತದೆ. ನನ್ನ ಕ್ಲಾಸಿಗೆ ಬರುವ ಕರಾಟೆ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮೊದಲ ವಾರ ಅಳು ಬರುವುದು ಇಲ್ಲೇ. ಪೆಟ್ಟು ಬಿತ್ತು ಅಂತ ಅಲ್ಲ. ಮೈಮೇಲೆ ಒಬ್ಬರು ಕೂತಾಗ ಉಸಿರು ಕಟ್ಟಿ ಗಾಬರಿಯಾಗುತ್ತದೆ.

ಎಂಎಂಎ ಫೈಟ್ ನಡೆಸುವ ಅಮೆರಿಕದ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲಿ ಹೆಣ್ಮಕ್ಕಳ ಫೈಟ್ ಶುರುವಾಗಿದ್ದೇ 2013ರ ಫೆಬ್ರವರಿಯಲ್ಲಿ. ಆವತ್ತು ಗೆದ್ದ ರೋಂಡಾ ರೌಸಿ ಜೂಡೋದಿಂದ ಬಂದವರು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಪಡೆದವರು. ಎದುರಾಳಿಯನ್ನು ಎತ್ತಿ ಹಾಕಿ, ಕೈ ಹಿಡಿದು ಮೊಣಕೈ ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಪಟ್ಟು ಹಾಕಿಯೇ ಎಷ್ಟೋ ಫೈಟ್ ಮುಗಿಸಿದರು. ಆದರೆ 2015ರಲ್ಲಿ ಮೆಲ್ಬರ್ನ್‌ನಲ್ಲಿ ಬಾಕ್ಸಿಂಗ್‌ನಿಂದ ಬಂದ ಹಾಲಿ ಹಾಮ್ ಎಂಬ ಫೈಟರ್ ರೌಸಿಯನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಎರಡನೇ ಸುತ್ತಿನಲ್ಲಿ ತಲೆಗೆ ಒಂದು ಒದೆ, ಅಲ್ಲಿಗೆ ಮುಗಿಯಿತು. ಅಂದರೆ ಕೊನೆಗೆ ಎಲ್ಲವೂ ಬೇಕು. ಆದರೆ 17ರಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ನಿಮ್ಮ ತಂಗಿಗೆ ಒದೆಯುವುದು ಬರುತ್ತದೆ. ಇನ್ನು ಕೆಡವುವುದು, ಕೆಳಗಿನಿಂದ ಏಳುವುದು ಬರಬೇಕು.

ನಮ್ಮ ದೇಶದವರನ್ನೇ ನೋಡಿ. ಪೂಜಾ ತೋಮರ್ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯವರು. ವುಶು ಎಂಬ ಚೀನಾದ ಕಾದಾಟದ ಆಟದಿಂದ ಬಂದವರು. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಫೈಟ್ ಗೆದ್ದ ಮೊದಲ ಭಾರತೀಯರಾದರು. ಆವತ್ತು ಮೂವರು ತೀರ್ಪುಗಾರರಲ್ಲಿ ಇಬ್ಬರು ಇವರ ಕಡೆ, ಒಬ್ಬರು ಎದುರಾಳಿಯ ಕಡೆ. ಮೊಬೈಲ್ ಹಿಡಿದು ನೋಡುತ್ತಿದ್ದ ನನಗೆ ಅಂಕ ಓದುವ ತನಕ ಕೂರಲು ಆಗಲಿಲ್ಲ. ನಿಮ್ಮ ತಂಗಿಯೂ ಆ ವಿಡಿಯೋ ನೋಡಿರುತ್ತಾಳೆ, ಅಲ್ವಾ?

ಅವಳಿಗೆ ಅದಕ್ಕಿಂತ ಹಿಂದಿನದ್ದನ್ನೂ ತೋರಿಸಿ. ಪೂಜಾ ಸಿಂಗಾಪುರದ ಫೈಟ್ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ನಲ್ಲಿ ಆಡುವಾಗ ಒಂದಲ್ಲ, ಹಲವು ಸಲ ಸೋತಿದ್ದಾರೆ. 2020ರ ಜನವರಿಯಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್ ಎದುರು ಮೊದಲ ಸುತ್ತಿನಲ್ಲೇ ಸೋತರು. ಅಲ್ಲಿಂದ ವಾಪಸ್ ಬಂದು, ನಮ್ಮ ದೇಶದಲ್ಲೇ ಮ್ಯಾಟ್ರಿಕ್ಸ್ ಫೈಟ್ ನೈಟ್ ಎಂಬ ಎಂಎಂಎ ಪಂದ್ಯಗಳಲ್ಲಿ ಆಡಿ, ಚಾಂಪಿಯನ್ ಆಗಿ, 2023ರಲ್ಲಿ ಯುಎಫ್‌ಸಿ ಬಾಗಿಲು ತಲುಪಿದರು. 2025ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಮತ್ತೆ ಸೋತರು, ಆರ್ಮ್‌ಬಾರ್‌ಗೆ. ಫೈಟರ್ ಬದುಕು ಅಂದರೆ ಇದು. ಸೋತ ಮರುವಾರ ಮತ್ತೆ ಮ್ಯಾಟ್ ಮೇಲೆ ಬರುವ ಮನಸ್ಸು ಇದೆಯಾ ಅನ್ನುವುದನ್ನು ನೀವು ಅವಳಲ್ಲಿ ನೋಡಬೇಕು. ಬ್ಲ್ಯಾಕ್ ಬೆಲ್ಟ್‌ನಿಂದ ಅದು ಗೊತ್ತಾಗುವುದಿಲ್ಲ.

ಹರಿಯಾಣದ ರಿತು ಫೋಗಟ್ ಕಥೆಯೂ ಹಾಗೇ. 2017ರಲ್ಲಿ 23 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಬೆಳ್ಳಿ ಗೆದ್ದಿದ್ದರು. 2019ರಲ್ಲಿ ಕುಸ್ತಿ ಬಿಟ್ಟು ಸಿಂಗಾಪುರಕ್ಕೆ ಹೋಗಿ ಎಂಎಂಎಗೆ ಸೇರಿದರು, ಮೊದಲ ಫೈಟನ್ನು ಒಂದೇ ಸುತ್ತಿನಲ್ಲಿ ಗೆದ್ದರು. 2021ರ ಡಿಸೆಂಬರ್‌ನಲ್ಲಿ ಒನ್ ಚಾಂಪಿಯನ್‌ಶಿಪ್‌ನ ಗ್ರ್ಯಾಂಡ್ ಪ್ರಿ ಟೂರ್ನಿಯ ಫೈನಲ್ ತನಕ ಬಂದರು. ಅಲ್ಲಿ ಅವರನ್ನು ಸೋಲಿಸಿದ್ದು ಇದೇ ಸ್ಟ್ಯಾಂಪ್. ಗುದ್ದು, ಒದೆಯ ಮುಯೆ ಥಾಯ್ ಆಡುವ ಹುಡುಗಿ ಕುಸ್ತಿಯವರನ್ನು ನೆಲದ ಮೇಲೇ ಪಟ್ಟು ಹಾಕಿ ಸೋಲಿಸಿದಳು. ಆ ಫೈಟನ್ನು ನನ್ನ ಹುಡುಗಿಯರಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ.

ಇನ್ನು ದುಡ್ಡು. ಅಮೆಚೂರ್ ಫೈಟಿನಲ್ಲಿ ದುಡ್ಡು ಬರುವುದಿಲ್ಲ. ನನ್ನ ಮೊದಲ ಫೈಟಿಗೆ ಹೋಗಿ ಬರಲು ಕೈಯಿಂದಲೇ ಸುಮಾರು 6,000 ರೂಪಾಯಿ ಹೋಯಿತು. ಪ್ರೊಫೆಷನಲ್ ಆದ ಮೇಲೆ ಆಡಿದ್ದಕ್ಕೆ ಒಂದು ಮೊತ್ತ, ಗೆದ್ದರೆ ಮೇಲೊಂದು ಮೊತ್ತ. ವರ್ಷಕ್ಕೆ ಎರಡು ಮೂರು ಫೈಟ್ ಸಿಕ್ಕರೆ ದೊಡ್ಡದು. ಅದರಲ್ಲೇ ಕೋಚ್, ಊಟ, ಪ್ರಯಾಣ ಎಲ್ಲ ಆಗಬೇಕು. ಅದಕ್ಕೇ ನನಗೆ ಗೊತ್ತಿರುವ ಫೈಟರ್‌ಗಳೆಲ್ಲ ಜೊತೆಗೆ ಜಿಮ್‌ನಲ್ಲಿ ಕಲಿಸುತ್ತಾರೆ.

ಜೂಡೋ, ಕುಸ್ತಿ ಮೊದಲು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ರೈಲ್ವೆ, ಪೊಲೀಸ್ ಕೆಲಸದ ಸ್ಪೋರ್ಟ್ಸ್ ಕೋಟಾದಲ್ಲಿ ಈ ಆಟಗಳ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆ. ತಂಗಿ ಪಿಯುಸಿ ಓದುತ್ತಿದ್ದರೆ ಈಗಲೇ ಕಾಲೇಜಿನ ಪಿಟಿ ಮಾಸ್ತರರ ಹತ್ತಿರ ಹೋಗಿ ಜೂಡೋ ಇಲ್ಲವೇ ಕುಸ್ತಿಗೆ ಹೆಸರು ಕೊಡಿಸಿ. ಈ ಆಟಗಳಿಗೆ ಹೆಸರು ಕೊಡುವ ಹುಡುಗಿಯರು ನಮ್ಮ ಕಡೆ ಇನ್ನೂ ಕಡಿಮೆ. ಜಿಲ್ಲಾ ಮಟ್ಟ ದಾಟಿ ಮೇಲೆ ಹೋಗುವ ಅವಕಾಶ ಇದೆ.

ಈಗ ನನಗೆ ತುಂಬಾ ಮುಖ್ಯ ಅನಿಸುವ ಮಾತು, ತೂಕದ್ದು. ಪೂಜಾ ಆಡುವ ತೂಕದ ವಿಭಾಗ ಸ್ಟ್ರಾವೇಟ್, ಅಂದರೆ 52.2 ಕಿಲೋ. ನನ್ನ ತೂಕ 57 ಇತ್ತು, ನಾನೂ ಅದೇ ತೂಕಕ್ಕೆ ಇಳಿಯಬೇಕು ಅಂದುಕೊಂಡೆ. ಮೇ ತಿಂಗಳು. ನಮ್ಮ ಕಡೆಯ ಮೇ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆ ಬಿಸಿಲಲ್ಲಿ ಮೈಗೆ ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಓಡಿದೆ. ಕೊನೆಯ ದಿನ ನೀರೂ ಬಿಟ್ಟೆ. ತೂಕ ಇಳಿಯಿತು, ಫೈಟ್ ಸೋತೆ. ಆಮೇಲೆ ಮೂರು ತಿಂಗಳು ಮುಟ್ಟಾಗಲಿಲ್ಲ. ಯಾರಿಗೆ ಹೇಳುವುದು? ಕೋಚ್ ಗಂಡಸರು, ಅವ್ವನಿಗೆ ಹೇಳಿದರೆ ಆಟವೇ ಬಂದ್. ಸುಮ್ನೆ ಇದ್ದೆ. ಅದು ದೊಡ್ಡ ತಪ್ಪು. 2015ರಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಎಂಬ ಫೈಟರ್ ಹೀಗೆ ತೂಕ ಇಳಿಸಲು ಹೋಗಿ ತೀರಿಕೊಂಡರು. ಇನ್ನೂ 21 ವರ್ಷ. ಆಮೇಲೆ ಒನ್ ಚಾಂಪಿಯನ್‌ಶಿಪ್‌ನವರು ನೀರು ಬಿಟ್ಟು ತೂಕ ಇಳಿಸುವುದನ್ನೇ ನಿಲ್ಲಿಸಿದರು.

ನಿಮ್ಮ ತಂಗಿ ಇನ್ನೂ ಬೆಳೆಯುವ ಹುಡುಗಿ. ತೂಕ ಇಳಿಸು ಅಂತ ಯಾರೇ ಹೇಳಿದರೂ ಬೇಡ ಅನ್ನಿ. ಇರುವ ತೂಕದಲ್ಲೇ ಆಡಲಿ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ, ತಿನ್ನುವವರಾದರೆ ಮೊಟ್ಟೆ. ಇದಕ್ಕಿಂತ ಒಳ್ಳೆಯ ಊಟ ಡಬ್ಬಿಯ ಪೌಡರ್‌ನಲ್ಲಿ ಇಲ್ಲ. ವರ್ಷಕ್ಕೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಮುಟ್ಟು ತಪ್ಪಿದರೆ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರು ಹೆಣ್ಮಕ್ಕಳು ಇರಬೇಕು.

ನನ್ನ ಭುಜ ಹೋದದ್ದು ನಾಲ್ಕನೇ ಫೈಟಿನಲ್ಲಿ. ಹಿಂದಿನ ರಾತ್ರಿ ಎದುರಾಳಿಯನ್ನು ಬದಲಾಯಿಸಿದರು. ಹೊಸದಾಗಿ ಬಂದವಳು ನನಗಿಂತ ನಾಲ್ಕು ಕಿಲೋ ಜಾಸ್ತಿ. ರಿಂಗ್ ಹತ್ತಿರ ಡಾಕ್ಟರ್ ಇರಲಿಲ್ಲ. ಇಷ್ಟು ದೂರ ಬಂದಿದ್ದೇನೆ ಅಂತ ಒಪ್ಪಿಕೊಂಡೆ. ಡಾಕ್ಟರ್ ಇಲ್ಲದಿದ್ದರೆ, ತೂಕ ಸರಿ ಇಲ್ಲದಿದ್ದರೆ ವಾಪಸ್ ಬಸ್ ಹತ್ತಬೇಕು. ಆವತ್ತು ನನ್ನ ಜೊತೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ನೀವು ಅವಳ ಜೊತೆ ಹೋಗಿ. ತಲೆಗೆ ಪೆಟ್ಟು ಬಿದ್ದು ಮಂಕಾದರೆ ಡಾಕ್ಟರ್ ಹೇಳುವ ತನಕ ಸ್ಪಾರಿಂಗ್ (ಅಭ್ಯಾಸದ ಫೈಟ್) ಬೇಡ.

ಮದುವೆ ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದೆ. ನನ್ನ ಕಣ್ಣು ಬಾತು ಬಂದ ದಿನ ಅವ್ವ ಕೇಳಿದ್ದಳು, "ನೋಡ್ಲಾಕ ಬಂದವ್ರಿಗಿ ನಾ ಏನ್ ಹೇಳ್ಬೇಕು?" ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ಮಾತ್ರ, "ಕುಸ್ತಿ ಹಿಡಿತಾಳ ಅಂತ ಹೇಳು" ಅಂದ. ಅಪ್ಪ ಸಣ್ಣವನಿದ್ದಾಗ ಜಾತ್ರೆಯಲ್ಲಿ ಕುಸ್ತಿ ಹಿಡಿದವನು. ಆ ಒಂದು ಮಾತಿನ ಮೇಲೆ ನಾನು ಹೈದರಾಬಾದಿಗೆ ಹೋದೆ. ನಿಮ್ಮ ಮನೆಯಲ್ಲಿ ಆ ಮಾತು ಹೇಳುವವರು ನೀವೇ ಆಗಬೇಕಾಗಬಹುದು. ರಿತು ಫೋಗಟ್ ಮದುವೆಯಾಗಿ, ತಾಯಿಯಾಗಿ, 2025ರಲ್ಲಿ ಮತ್ತೆ ಫೈಟಿಗೆ ಇಳಿದರು ಅನ್ನುವುದನ್ನೂ ಅಮ್ಮನಿಗೆ ಹೇಳಿ.

ಎರಡು ವರ್ಷ ಆದ ಮೇಲೆ ಹೈದರಾಬಾದ್ ಇಲ್ಲವೇ ಬೆಂಗಳೂರು. ನಮ್ಮ ಕಡೆಯ ಜಿಲ್ಲೆಗಳಲ್ಲಿ ಪ್ರೊಫೆಷನಲ್ ಮಟ್ಟಕ್ಕೆ ತಯಾರು ಮಾಡುವಷ್ಟು ಸ್ಪಾರಿಂಗ್ ಜೊತೆಗಾರ್ತಿಯರು ಸಿಗುವುದು ಕಷ್ಟ. ಸೇರಿಸುವ ಮೊದಲು ಒಂದು ದಿನ ಪೂರ್ತಿ ಅಲ್ಲಿ ಕೂತು ನೋಡಿ. ಹುಡುಗಿಯರು ಎಷ್ಟು ಜನ ಇದ್ದಾರೆ, ಟ್ಯಾಪ್ ಮಾಡಿದ (ಸೋತೆ ಅಂತ ಕೈ ತಟ್ಟಿದ) ತಕ್ಷಣ ಹಿಡಿತ ಬಿಡುತ್ತಾರಾ, ಕೋಚ್ ಗಾಯವಾದವರನ್ನು ಮನೆಗೆ ಕಳಿಸುತ್ತಾರಾ. ಹುಡುಗಿಯರು ಬಟ್ಟೆ ಬದಲಾಯಿಸಲು ಜಾಗ ಇದೆಯಾ ಅಂತಲೂ ನೋಡಿ.

ಸದ್ಯಕ್ಕೆ ಅವಳ ತೂಕ, ಎತ್ತರ, ಹಳೆಯ ಗಾಯ ಏನಾದರೂ ಇದ್ದರೆ ಇಲ್ಲೇ ಕೆಳಗೆ ಬರೆಯಿರಿ. ಮನೆಯಲ್ಲೇ ಮಾಡಬಹುದಾದ ಮೊದಲ ಮೂರು ತಿಂಗಳ ತಾಲೀಮು ಬರೆದುಕೊಡುತ್ತೇನೆ. ಒಂದು ಗಟ್ಟಿ ಹಗ್ಗ, ಒಂದು ಹಳೆಯ ಹಾಸಿಗೆ ಇದ್ದರೆ ಸಾಕು.