ಕಪ್ಪು-ಬಿಳುಪಿನ ಭೇದ ಮೊದಲಿನಿಂದಲೂ ಇತ್ತಲ್ಲ, ಕ್ರೀಮಿನ ಜಾಹೀರಾತನ್ನು ಯಾಕೆ ದೂರಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹದಿನೆಂಟು ವರ್ಷದಿಂದ ಫ್ಯಾನ್ಸಿ ಅಂಗಡಿ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಅಲ್ಲಿ ಕೂತು ಕಂಡದ್ದನ್ನೇ ಹೇಳುತ್ತೇನೆ.

ಭೇದ ಇತ್ತು, ನಿಜ. ಅಜ್ಜಿಯ ಕಾಲದಲ್ಲೂ ಹೆಣ್ಣು ನೋಡಿ ಬಂದವರು "ಎಣ್ಣೆಗಪ್ಪು, ಆದರೆ ಲಕ್ಷಣ ಉಂಟು" ಎನ್ನುತ್ತಿದ್ದರಂತೆ. ಆ "ಆದರೆ" ಚುಚ್ಚುತ್ತದೆ. ಆದರೂ ಬಣ್ಣ ಹುಟ್ಟಿನಿಂದ ಬಂದದ್ದು, ಅದಕ್ಕಾಗಿ ಹುಡುಗಿಯನ್ನು ಬೈಯುವಂತಿರಲಿಲ್ಲ. ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. ಟಿವಿ ಮನೆಮನೆಗೆ ಬಂದ ಮೇಲೆ ಅದರ ಜಾಹೀರಾತಿನ ಕಪ್ಪು ಹುಡುಗಿ ಕ್ರೀಮ್ ಹಚ್ಚಿ ಗಗನಸಖಿಯಾದಳು, ಅಪ್ಪನ ಬೇಸರ ಕಳೆದಳು. ಮಹಿಳಾ ಸಂಘಟನೆಯವರು ದೂರು ಕೊಟ್ಟು, 2003ರಲ್ಲಿ ಸರಕಾರ ಅಂಥ ಎರಡು ಜಾಹೀರಾತು ನಿಲ್ಲಿಸಿತು. ಅಷ್ಟರಲ್ಲಿ ನಮ್ಮ ಮನೆಗಳ ಮಾತು ಬದಲಾಗಿತ್ತು: "ಇವಳಿಗೆ ಏನಾದರೂ ಹಚ್ಚಬಾರದಾ?" ಹುಟ್ಟಿದ ಬಣ್ಣವೇ ಹುಡುಗಿಯ ತಪ್ಪಾಗಿಬಿಟ್ಟಿತು! ನನಗೆ ಜಾಹೀರಾತಿನ ಮೇಲೆ ಸಿಟ್ಟು ಇರುವುದು ಇದಕ್ಕೇ.

ಹಿಂದೆ ಕ್ರೀಮಿನ ಜೊತೆ ಕಂದಿನಿಂದ ಬಿಳುಪಿನವರೆಗಿನ ಬಣ್ಣದ ಪಟ್ಟಿ ಬರುತ್ತಿತ್ತು. ಒಂದು ಮಧ್ಯಾಹ್ನ ಪ್ಲಸ್ ಟು ಹುಡುಗಿಯೊಬ್ಬಳು ಆ ಪಟ್ಟಿಯನ್ನು ಮಣಿಕಟ್ಟಿಗೆ ಹಿಡಿದು ನೋಡಿದಳು. ಒಂದೊಂದೇ ಬಣ್ಣ ದಾಟಿಸುತ್ತಾ ಕೊನೆಯ ಕಂದಿಗೆ ಬಂದಳು. ಅಮ್ಮ ಇತ್ತ ತಿರುಗುವಷ್ಟರಲ್ಲಿ ಬಳೆಗಳನ್ನು ಸರಿಸಿ ಆ ಜಾಗ ಮುಚ್ಚಿಕೊಂಡಳು. ಕಂಪೆನಿ 2019ರಲ್ಲಿ ಆ ಪಟ್ಟಿ ತೆಗೆಯಿತು, ಮರುವರ್ಷ ಹೆಸರನ್ನೂ ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿತು. ನನ್ನಲ್ಲಿ ಬರುವವರು ಈಗಲೂ ಹಳೆ ಹೆಸರಿನಲ್ಲೇ ಕೇಳುತ್ತಾರೆ.

ನಮ್ಮ ಕಡೆ ಇನ್ನೊಂದು ಕಷ್ಟ ಉಂಟು, ಗಲ್ಫಿನಿಂದ ಬರುವ ಡಬ್ಬಿಗಳು. ಮಾಡಿದವರ ಹೆಸರಿಲ್ಲ, ಒಳಗೆ ಏನುಂಟೆಂದು ಬರೆದಿಲ್ಲ. ಬೇಗ ಬಿಳಿ ಮಾಡುವ ಎಷ್ಟೋ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಆಗುವುದನ್ನು ತಡೆಯುತ್ತದೆ, ಒಳಗೆ ಇಳಿದು ಕಿಡ್ನಿಯನ್ನು ಕೆಡಿಸುತ್ತದೆ. 2023ರಲ್ಲಿ ಮಲಪ್ಪುರಂನ ಕೋಟಕ್ಕಲ್ ವೈದ್ಯರು ಇಂಥ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಕಂಡರು. ಆ ವರ್ಷವೇ ರಾಜ್ಯದ ಔಷಧ ನಿಯಂತ್ರಣ ಇಲಾಖೆ "ಆಪರೇಷನ್ ಸೌಂದರ್ಯ" ಎಂದು ಅಂಗಡಿಗಳ ತಪಾಸಣೆ ನಡೆಸಿತು. ಅದಕ್ಕೆ ಮೊದಲು ನಾನೂ ಅಂಥ ಡಬ್ಬಿ ಮಾರಿದ್ದೇನೆ. ಯಾರ್‍ಯಾರು ಹಚ್ಚಿದರೋ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

2025ರ ಮಾರ್ಚ್‌ನಲ್ಲಿ ಕೇರಳದ ಆಗಿನ ಮುಖ್ಯ ಕಾರ್ಯದರ್ಶಿ ಶಾರದಾ ಮುರಳೀಧರನ್ ತಮ್ಮ ಕಪ್ಪು ಬಣ್ಣಕ್ಕೆ ಬಂದ ಮಾತಿನ ಬಗ್ಗೆ ಬಹಿರಂಗವಾಗಿ ಬರೆದರು. ನಾಲ್ಕು ವರ್ಷದವರಿದ್ದಾಗ, ತನ್ನನ್ನು ಮತ್ತೆ ಹೊಟ್ಟೆಯೊಳಗೆ ಹಾಕಿ ಬೆಳ್ಳಗೆ ಹೊರಗೆ ತರುತ್ತೀಯಾ ಎಂದು ಅಮ್ಮನನ್ನು ಕೇಳಿದ್ದರಂತೆ. ಆ ವಾರ ಮಗಳ ನಿಶ್ಚಿತಾರ್ಥಕ್ಕೆಂದು ಗಲ್ಫ್ ಕ್ರೀಮ್ ಕೇಳಿಕೊಂಡು ಬಂದ ಒಬ್ಬ ತಾಯಿಗೆ ಇದನ್ನು ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು, "ಅಕ್ಕಾ, ಅವರು ದೊಡ್ಡವರಲ್ಲವಾ" ಎಂದು ಬರೀ ಹೇರ್‌ಪಿನ್ ತೆಗೆದುಕೊಂಡು ಹೋದಳು.