ಮಗಳು "ನಾನು ಬೈಸೆಕ್ಷುವಲ್" ಅಂದಳು. ನಾನೇನು ಹೇಳಲಿ?

ಮೊದಲು "ಹೇಳಿದ್ದು ಒಳ್ಳೇದಾಯ್ತು ಕಂದಾ" ಅನ್ನಿ. ಉಳಿದದ್ದು ನಾಳೆ ಮಾತಾಡಬಹುದು. ಇದನ್ನು ಹೇಳುವ ಮುಂಚೆ ಅವಳು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾಳೋ.

ಬೈಸೆಕ್ಷುವಲ್ ಅಂದರೆ ಒಂದಕ್ಕಿಂತ ಹೆಚ್ಚು ಲಿಂಗದವರ ಮೇಲೆ ಒಲವು ಇರುವವರು. ಹೆತ್ತವರು ಎಡವುವುದು ಇಲ್ಲೇ ಜಾಸ್ತಿ. "ಹುಡುಗರೂ ಇಷ್ಟ ತಾನೆ? ಹಾಗಾದರೆ ಸುಮ್ನೆ ಹುಡುಗನನ್ನೇ ಮದುವೆಯಾಗು" ಎಂದುಬಿಡುತ್ತಾರೆ. ಬೇಕಾದ್ದು ಆರಿಸಿಕೊಳ್ಳೋಕೆ ಒಲವೇನು ಸೀರೆ ಅಂಗಡಿಯೇ? ಹುಡುಗನನ್ನು ಮದುವೆಯಾದರೂ ಅವಳು ಬೈಸೆಕ್ಷುವಲ್ಲೇ.

"ಸರಿಮಾಡುವ" ಡಾಕ್ಟರನ್ನು ಹುಡುಕಬೇಡಿ. ಇದು ಕಾಯಿಲೆಯಲ್ಲ. ಇಂಥ 'ಚಿಕಿತ್ಸೆ' ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅವಳನ್ನು ಕೇಳದೆ ಅಜ್ಜಿಗೂ ಹೇಳಬೇಡಿ. ನಿಮಗೇ ತಳಮಳವಾದರೆ ಕೌನ್ಸೆಲರ್ ಹತ್ತಿರ ನೀವು ಹೋಗಿ, ಅವಳನ್ನು ಕಳಿಸಬೇಡಿ.