ಮರಳು ದಿಬ್ಬದಲ್ಲಿ ಸಿಕ್ಕ ಅಣಬೆ ಹೊಸ ಪ್ರಭೇದವೇ ಎಂದು ತೀರ್ಮಾನಿಸುವುದು ಹೇಗೆ?

ಸೋಮೇಶ್ವರದ ಕಡಲತೀರದ ದಿಬ್ಬದಲ್ಲಿ ಅಡುಂಬು ಬಳ್ಳಿಯ ನಡುವೆ ಕಂಡ ಕಂದು ಅಣಬೆ ಯಾವ ಪುಸ್ತಕಕ್ಕೂ ಹೊಂದುತ್ತಿಲ್ಲ, ಹೊಸದಿರಬಹುದೇ ಎಂದು ಕೇಳಿದ್ದೀರಿ. ಇರಬಹುದು. ಆದರೆ ಟೋಪಿಯ ಫೋಟೊ ನೋಡಿ ಹೇಳಲಾಗದು. ಬಿಸಿಲು, ಉಪ್ಪುಗಾಳಿಗೆ ಸಿಕ್ಕಿದ ಮಾಮೂಲಿ ಅಣಬೆಯೂ ಬಣ್ಣಗೆಟ್ಟು, ಬಿರಿದು, ಗುರುತೇ ಸಿಗದಂತಾಗುತ್ತದೆ.

ಅಣಬೆಯನ್ನು ಕೀಳಬೇಡಿ, ಅಗೆಯಿರಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಿತ್ತರೆ ಕಾಂಡದ ಬುಡ ಮರಳಲ್ಲೇ ಉಳಿದು, ಅದರ ಜೊತೆ ಬುಡದ ಚೀಲ, ಎಳೆಗಳು, ಅಣಬೆಗೆ ಆಹಾರವಾಗಿದ್ದ ವಸ್ತು ಎಲ್ಲವೂ ಕೈತಪ್ಪುತ್ತವೆ. ಒಂದು ಗೇಣು ದೂರದಲ್ಲಿ ಕರಣೆ ಇಳಿಸಿ, ಬದಿಯಿಂದ ಮರಳು ಸರಿಸುತ್ತಾ ಬುಡ ತಲುಪಿ. ಎಳೆಗಳು ಅಂಟಿರುವುದು ಸತ್ತ ಬಳ್ಳಿಗೋ, ರಾವಣನ ಮೀಸೆ ಹುಲ್ಲಿನ ಬೇರಿಗೋ, ಗಾಳಿಮರದ ಬೇರಿಗೋ, ಹೂತ ಕಟ್ಟಿಗೆಗೋ ನೋಡಿ ಬರೆದುಕೊಳ್ಳಿ. ಯುರೋಪಿನ ದಿಬ್ಬಗಳ ಸ್ಯಾಥಿರೆಲ್ಲಾ ಅಮ್ಮೋಫಿಲಾ ಮ್ಯಾರಮ್ ಹುಲ್ಲಿನ ನಡುವೆ, ಕಾಂಡದ ಬಹುಭಾಗ ಮರಳೊಳಗೆ ಹೂತು ಬೆಳೆಯುತ್ತದೆ. ಅದನ್ನು ಮೇಲಿನಿಂದ ಕತ್ತರಿಸಿ ತಂದರೆ ಮುಖ್ಯ ಗುರುತೇ ಹೋದಂತೆ.

ಮೊಗ್ಗು, ಬಲಿತದ್ದು ಎರಡನ್ನೂ ತನ್ನಿ. ಬಣ್ಣ, ವಾಸನೆಗಳನ್ನು ಹಸಿ ಇರುವಾಗಲೇ ದಾಖಲಿಸಿ. ಒಂದು ಟೋಪಿಯನ್ನು ಗಾಜಿನ ಮೇಲೆ ಕವುಚಿ, ಲೋಟ ಮುಚ್ಚಿ, ರಾತ್ರಿಯಿಡೀ ಬಿಟ್ಟು ಬೀಜಕಗಳ (ಅಣಬೆ ಉದುರಿಸುವ, ಬೀಜದಂಥ ಸೂಕ್ಷ್ಮ ಕಣಗಳ) ಅಚ್ಚು ತೆಗೆಯಿರಿ. ಉಳಿದವನ್ನು 40–45 ಡಿಗ್ರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಹೆಚ್ಚು ಕಾಯಿಸಿದರೆ ಡಿಎನ್‌ಎ ಕೆಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಣಗಿದ್ದೂ ಮತ್ತೆ ತೇವ ಎಳೆದು ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಸಿಲಿಕಾ ಜೆಲ್ ಹಾಕಿದ ಜಿಪ್ ಚೀಲದಲ್ಲಿಡಿ.

ಸೂಕ್ಷ್ಮದರ್ಶಕದಲ್ಲಿ ನೋಡಲು ಸ್ಲೈಡ್ ಮಾಡುವ ಮೊದಲು ಮೆತ್ತನೆ ಕುಂಚದಿಂದ ಮರಳು ತೆಗೆಯಿರಿ. ಒಂದೇ ಕಣ ಉಳಿದರೂ ಕವರ್‌ಸ್ಲಿಪ್ ಕೂರುವುದಿಲ್ಲ, ಲೆನ್ಸಿಗೆ ಗೀರು ಬೀಳುವ ಭಯ ಬೇರೆ. ಅಳೆಯಬೇಕಾದದ್ದು ಅಚ್ಚಿನಲ್ಲಿ ಉದುರಿದ ಬೀಜಕಗಳನ್ನು, ಕನಿಷ್ಠ 30. ಕಿವಿರಿನಿಂದ, ಅಂದರೆ ಟೋಪಿಯಡಿಯ ತೆಳು ಪದರಗಳಿಂದ, ಕೆರೆದರೆ ಎಳೆಯವೂ ಬೆರೆತು ಸರಾಸರಿ ಇಳಿಯುತ್ತದೆ.

ಡಿಎನ್‌ಎಗೆ ಟೋಪಿಯ ಒಳತಿರುಳನ್ನೇ ಬಳಸಿ. ಹೊರಮೈಯಿಂದ ತೆಗೆದರೆ ಅಣಬೆಯ ಬದಲು ಅದರ ಮೇಲೆ ಕೂತ ಟ್ರೈಕೋಡರ್ಮಾ ಎಂಬ ಬೂಷ್ಟಿನ ಡಿಎನ್‌ಎ ಅನುಕ್ರಮ ಬರಬಹುದು. ಮೊದಲು ಐಟಿಎಸ್ ಭಾಗ, ಅಂದರೆ ಶಿಲೀಂಧ್ರಗಳನ್ನು ಗುರುತಿಸಲು ಬಳಸುವ ಡಿಎನ್‌ಎ ತುಣುಕು, ನೋಡಿ. ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಕೆ ಶೇ. 97ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಹೊಸದು ಎನ್ನಬೇಡಿ: ಈ ಗಡಿ ಎಲ್ಲ ಕುಲಕ್ಕೂ ಹೊಂದುವುದಿಲ್ಲ, ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಸಂಗ್ರಹದಲ್ಲಿ ತಪ್ಪು ಹೆಸರಿನವೂ ಇವೆ. ಸಾಧ್ಯವಾದರೆ ಟೈಪ್ ಮಾದರಿಗಳ (ಪ್ರಭೇದದ ಹೆಸರಿಗೆ ಆಧಾರವಾದ ಮಾದರಿಗಳ) ಅನುಕ್ರಮದ ಜೊತೆ ಹೋಲಿಸಿ, ಎಲ್‌ಎಸ್‌ಯು ಅಥವಾ ಆರ್‌ಪಿಬಿ2 ಎಂಬ ಇತರ ಡಿಎನ್‌ಎ ಭಾಗಗಳನ್ನೂ ಸೇರಿಸಿ ವಂಶವೃಕ್ಷ ಕಟ್ಟಿ. ನಿಮ್ಮದು ಪ್ರತ್ಯೇಕ ಕೊಂಬೆಯಾಗಿ ನಿಂತು, ರೂಪದಲ್ಲೂ ವ್ಯತ್ಯಾಸ ಕಂಡರೆ ನನ್ನ ಮಟ್ಟಿಗೆ ವಾದ ಗಟ್ಟಿ. ಒಂದೇ ಅಣಬೆಯನ್ನು ನಂಬಿ ಹೊರಡುವುದು ಬೇಡ, ಮುಂದಿನ ಮಳೆಗೂ ಅಲ್ಲೇ ಹುಡುಕಿ.

ಹೆಸರಿಡಲು ಲ್ಯಾಟಿನ್ ಅಥವಾ ಇಂಗ್ಲಿಷ್ ವಿವರಣೆ ಬೇಕು. ಹೋಲೋಟೈಪನ್ನು, ಅಂದರೆ ಹೊಸ ಹೆಸರಿಗೆ ಆಧಾರವಾಗುವ ಒಂದೇ ಮಾದರಿಯನ್ನು, ಪುಣೆಯ ಅಜ್ರೇಕರ್ ಹರ್ಬೇರಿಯಮ್‌ನಂಥ ಸಂಗ್ರಹಾಲಯಕ್ಕೆ ಒಪ್ಪಿಸಿ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಕಲ್ಚರ್ ಹೋಲೋಟೈಪ್ ಆಗದು. 2013ರ ಜನವರಿ 1ರಿಂದ ಮೈಕೋಬ್ಯಾಂಕ್, ಇಂಡೆಕ್ಸ್ ಫಂಗೋರಮ್‌ನಂಥ, ಶಿಲೀಂಧ್ರ ಹೆಸರುಗಳ ನೋಂದಣಿ ಕೇಂದ್ರದ ಸಂಖ್ಯೆಯೂ ಕಡ್ಡಾಯ. ಸಂಖ್ಯೆ ಸಿಕ್ಕಿದರಷ್ಟೇ ಸಾಲದು, ಅದು ವಿವರಣೆಯ ಜೊತೆಗೇ ಪ್ರಕಟವಾಗಬೇಕು.